ಓಸ್ಮಾರನ ಮರಳಿನ ಚೀಲ

ಕಾರಿನ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಮಿಷನ್ನುಗಳು. ಗುಜರಿಯವನಿಂದ ಹೊತ್ತು ತಂದವು; ಒಂದರ ಮುಳ್ಳು ಸದಾ ನಡುಗುತ್ತಿತ್ತು, ಇನ್ನೊಂದಕ್ಕೆ ಕಾಲಲ್ಲಿ ಒದೆಯದೆ ಎಚ್ಚರವೇ ಆಗುತ್ತಿರಲಿಲ್ಲ. ಚಾಲಕನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದ್ದದ್ದು ಮನುಷ್ಯನಲ್ಲ, ಒಂದು ಚೀಲ. ಹಳೆಯ ಟಾರ್ಪಾಲಿನಲ್ಲಿ ಹೊಲಿದು, ಮರಳು ತುಂಬಿ, ಮೇಲೆ ಕಪ್ಪು ಬಣ್ಣದಲ್ಲಿ 'ಓಸ್ಮಾರ್' ಎಂದು ಬರೆದ ಚೀಲ.

ದಿಯಾದೆಮಾ ಎಂಬ ಕಾರ್ಖಾನೆಗಳ ಊರಿನ ಆ ಶೆಡ್ಡಿನಲ್ಲಿ ಜುಲ್ಮಿರಾ ವಾರವೆಲ್ಲ ನೀರಿನ ಟ್ಯಾಂಕುಗಳ ಬಿರುಕಿಗೆ ಫೈಬರ್ ಹಚ್ಚುವ ಕೆಲಸ ಮಾಡುತ್ತಿದ್ದಳು. ಶನಿವಾರ ಟ್ಯಾಂಕುಗಳನ್ನು ಗೋಡೆಗೆ ನೂಕಿ ಕಾರನ್ನು ನಡುವಿಗೆ ತರುತ್ತಿದ್ದರು. ಮೂವರ ಕಾರು ಅದು: ಜುಲ್ಮಿರಾ, ಓಸ್ಮಾರ್, ಜಂಡಿರ್. ಹೆಸರು ಗ್ವಾರಾ. ಹೊರದೇಶದ ಕಾರುಗಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಕೈಯಲ್ಲಿ ದುಡ್ಡಿದ್ದೂ ವೇಗದ ಚಪಲ ತೀರದವರಿಗಾಗಿ ಮುದುಕ ಬೆವಿಲಾಕ್ವಾ ತನ್ನ ಫ್ಯಾಕ್ಟರಿಯಲ್ಲಿ ಮಾಡಿಸಿದ ಆಟಿಕೆ. ಮೈಯೆಲ್ಲ ಫೈಬರ್, ಎಂಜಿನ್ ಹಿಂದೆ, ಎತ್ತರ ಸೊಂಟದಷ್ಟೂ ಇಲ್ಲ. ಜಾಹೀರಾತಿನಲ್ಲಿ ಅದಕ್ಕೆ ಒರಗಿ ನಿಂತ ಹೆಣ್ಣಿನ ಹಲ್ಲು ಹೊಳೆಯುತ್ತಿತ್ತು. ಕಾರು ಹೊಳೆಯುವ ತನಕ ಉಜ್ಜಿದವರ ಮೂಗಿನಲ್ಲಿ ಬಿಳಿ ದೂಳು ಹೆಪ್ಪುಗಟ್ಟಿರುತ್ತಿತ್ತು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನೂ ಮನೆಯಿಂದಲೇ ತರಬೇಕಿತ್ತು.

ಆಮೇಲೆ ಕಾರಿನ ವ್ಯಾಪಾರ ಮುಳುಗಿತು, ಫ್ಯಾಕ್ಟರಿ ಈಜುಕೊಳದ ತೊಟ್ಟಿಗಳನ್ನು ಎರಕ ಹೊಯ್ಯತೊಡಗಿತು. ಹಿಂದಿನ ಗೋಡೆಗೆ ಒರಗಿಸಿ ಮಳೆಗೆ ಬಿಟ್ಟಿದ್ದ ಕಾರಿನ ಒಂದು ಸೊಟ್ಟ ಮೈಯನ್ನು, ಅಲ್ಲೇ ಕೆಲಸಕ್ಕಿದ್ದ ಮೂವರೂ ಕೇಳಿ ಮನೆಗೆ ಹೊತ್ತರು. ಚಕ್ರ ಒಂದು ಕಡೆಯಿಂದ, ಎಂಜಿನ್ ಇನ್ನೊಂದು ಕಡೆಯಿಂದ. ಮಕ್ಕಳು ಹುಟ್ಟಿ ಶಾಲೆ ಮುಗಿಸುವ ಹೊತ್ತಿಗೆ ಕಾರು ಎದ್ದು ನಿಂತಿತು. ಜುಲ್ಮಿರಾ, ಜಂಡಿರ್ ಫ್ಯಾಕ್ಟರಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಓಸ್ಮಾರ್ ಮಾತ್ರ ಅಲ್ಲೇ ಉಳಿದು, ಕಾರು ಉಜ್ಜಿದ ಕೈಯಲ್ಲೇ ಸಾಹುಕಾರರ ಈಜುಕೊಳಗಳನ್ನು ಉಜ್ಜುತ್ತ, ಉಸಿರು ಸಾಲದಾಗುವ ತನಕ ದುಡಿದ. ಉಸಿರೇ ಸಿಗದಾದ ದಿನ ಮನೆಗೆ ಕಳಿಸಿದರು.

ಚೀಲದ ಪದ್ಧತಿ ಹುಟ್ಟಿದ್ದು ಒಂದು ಪೆಟ್ಟಿನಿಂದ. ಟ್ರ್ಯಾಕಿನಲ್ಲಿ ಓಪನ್ ದಿನ ಎಂದು ಮಾಡುತ್ತಾರೆ. ರೇಸಲ್ಲ, ಗೆದ್ದವನಿಲ್ಲ, ಸೋತವನಿಲ್ಲ, ಯಾರು ಬೇಕಾದರೂ ಕಾರು ತಂದು ಸರದಿಯಲ್ಲಿ ಸುತ್ತು ಹೊಡೆಯಬಹುದು. ಹಿಂದೊಮ್ಮೆ ಅಂಥ ದಿನ, ಕಡ್ಡಿಯಂಥ ಜಂಡಿರ್, ಗೂಳಿಯಂಥ ಓಸ್ಮಾರನಿಗೆ ಹೊಂದಿಸಿದ್ದ ಕಾರಿನಲ್ಲೇ ಇಳಿದುಬಿಟ್ಟ. ಗಾಳಿಯಂಥ ಹಗುರ ಕಾರು. ಯಾರು ಕೂತಿದ್ದಾರೆ ಎಂಬುದು ಅದಕ್ಕೆ ಲೆಕ್ಕಕ್ಕೆ ಬರುತ್ತದೆ. ಒಂದು ಮೂಲೆಯ ಚಕ್ರದ ಮೇಲೆ ಭಾರ ತಪ್ಪಿತೆಂದರೆ ತಿರುವಿನಲ್ಲಿ ಎಂಜಿನ್ ಹೊತ್ತ ಹಿಂಭಾಗ ಬೀಸಿ ಎಸೆಯುತ್ತದೆ. ಜಂಡಿರ್ ಹಿಮ್ಮುಖವಾಗಿ ಹೋಗಿ ಟೈರಿನ ಗೋಡೆಗೆ ಬಡಿದ. ಅಂದಿನಿಂದ ಯಾರು ಓಡಿಸುತ್ತಾರೋ ಅವರ ತೂಕಕ್ಕೇ ಕಾರನ್ನು ಹೊಂದಿಸಬೇಕು ಎಂದಾಯಿತು. ಮೂವರಿಗೂ ಬೇರೆ ಬೇರೆ ಪಾಳಿ, ಒಟ್ಟಿಗೆ ಸೇರುವುದು ಆಗದ ಮಾತು. ಅದಕ್ಕೇ ಚೀಲ. ಮನುಷ್ಯ ಬರದಿದ್ದರೂ ಅವನ ಚೀಲ ಸೀಟಿನಲ್ಲಿ ಕೂರುತ್ತದೆ.

"ಮನುಷ್ಯ ಸುಳ್ಳು ಹೇಳ್ಬೋದು, ನನ್ನ ಚೀಲ ಹೇಳಲ್ಲ," ಎನ್ನುತ್ತಿದ್ದ ಓಸ್ಮಾರ್. ಅವನದು ಎಂಬತ್ತೆರಡು ಕಿಲೋದ ಚೀಲ.

ಆ ಶನಿವಾರ ಅವನು ಶೆಡ್ಡಿಗೆ ಬಂದಾಗ ಬಾಗಿಲಲ್ಲೇ ನಿಂತು, ಏನೋ ನೋಡುವವನಂತೆ ಆಕಾಶ ನೋಡಿದ. ಉಸಿರು ಸುಧಾರಿಸಿಕೊಳ್ಳಲು ಅವನು ಕಲಿತಿದ್ದ ಉಪಾಯ ಅದು. ಜುಲ್ಮಿರಾ ಕಾರಿನ ಪಕ್ಕಕ್ಕೆ ಉದ್ದಕ್ಕೂ ದಾರ ಕಟ್ಟಿ, ಚಕ್ರಗಳು ನೇರ ನೋಡುತ್ತಿವೆಯೇ ಎಂದು ಅಳೆಯುತ್ತಿದ್ದಳು. ಜಂಡಿರ್ ಬ್ರೇಕಿನ ಹಳೆ ಎಣ್ಣೆ ತೆಗೆದು ಹೊಸದು ತುಂಬುತ್ತಿದ್ದ.

"ಏನೋ ಗೂಳಿ, ಆಕಾಶದಲ್ಲಿ ಯಾವ ಹುಡುಗಿ ಕಾಣಿಸಿದ್ಲು?" ಎಂದ ಜಂಡಿರ್.

"ನಿನ್ನ ಅತ್ತೆ ಕಣೋ. ಪೊರಕೆ ಮೇಲೆ ಹೋಗ್ತಿದ್ಲು," ಎಂದ ಓಸ್ಮಾರ್. ನಗಲು ಹೋಗಿ ಕೆಮ್ಮಿದ. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ, "ಕೊಮಾದ್ರೆ, ನಾಳೆಗೆ ರೆಡಿ ತಾನೆ?" ಎಂದ. ಅವನ ಮಗಳಿಗೆ ಜುಲ್ಮಿರಾ ಧರ್ಮತಾಯಿ. ಜ್ಞಾನಸ್ನಾನವಾದ ದಿನದಿಂದ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ, ಆ ನಂಟು ಹಿಡಿದು ಕೊಮಾದ್ರೆ ಎಂದೇ ಕರೆಯುತ್ತಿದ್ದ.

ಮಾರನೆಯ ದಿನದ ಓಪನ್ ದಿನವನ್ನು ನಡೆಸುತ್ತಿದ್ದವನು ಮುದುಕನ ಮಗ, ಕಾಯೊ ಬೆವಿಲಾಕ್ವಾ. ಹಳೆಯ ದೇಸಿ ಕಾರುಗಳ ಗೌರವದ ದಿನವಂತೆ. ಗ್ವಾರಾ ಇರುವವರಿಗೆ ಪ್ರವೇಶ ಪುಕ್ಕಟೆಯಂತೆ. ತಾನೇ ಫೋನ್ ಮಾಡಿ, "ನಮ್ಮ ಫ್ಯಾಕ್ಟರಿ ಕುಟುಂಬ ಬರದಿದ್ರೆ ಹೇಗೆ?" ಎಂದಿದ್ದ. ಅದೇ ಕಾಯೊನ ಮೇಲೆ ಓಸ್ಮಾರ್ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡಿದ್ದ: ನನ್ನ ಎದೆಗೂಡನ್ನು ಕಲ್ಲು ಮಾಡಿದ್ದು ನಿಮ್ಮ ದೂಳು, ಹೌದು ಎನ್ನಿ. ಕಾಯೊನ ವಕೀಲ ಸಿಗರೇಟು ಎನ್ನುತ್ತಿದ್ದ, ವಯಸ್ಸು ಎನ್ನುತ್ತಿದ್ದ. ನ್ಯಾಯಾಲಯ ಕಳಿಸಿದ ಡಾಕ್ಟರು ಇದೂ ಇರಬಹುದು ಅದೂ ಇರಬಹುದು ಎಂದು ಬರೆದು ಕೈ ತೊಳೆದುಕೊಂಡಿದ್ದರು.

"ಕೇಸು ನಡೀತಿರೋವಾಗ ಅವನ ಅಂಗಳದಲ್ಲಿ ಹೋಗಿ ಕುಣೀತೀಯಾ?" ಎಂದ ಜಂಡಿರ್. "ತಲೆ ಕೆಟ್ಟಿದೆಯಾ ನಿಂಗೆ?"

"ಅವನ ಅಪ್ಪನ ಅಂಗಳವೇನೋ ಅದು? ಟ್ರ್ಯಾಕು ಕಣೋ. ಈ ಕಾರಿನ ಮೈಯನ್ನ ಉಜ್ಜಿದ್ದು ನಾನು. ಅದನ್ನ ಓಡಿಸೋಕೆ ಯಾರ ಅಪ್ಪಣೆ ಬೇಕು?"

"ಓಡಿಸೋಕೆ ಉಸಿರು ಬೇಕು."

ಜುಲ್ಮಿರಾ ದಾರವನ್ನು ಬಿಟ್ಟು ಎದ್ದಳು.

"ಸಾಕು ಸುಮ್ನಿರಿ ಇಬ್ರೂ. ಓಸ್ಮಾರ್, ಬಂದು ಕೂತ್ಕೋ. ಬೆಲ್ಟು ಹೊಸದು, ಉದ್ದ ಸರಿ ಮಾಡ್ಬೇಕು."

ಚೀಲವನ್ನು ಅವಳೂ ಜಂಡಿರನೂ ಹಿಡಿದು ಇಳಿಸಿದರು. ಓಸ್ಮಾರ್ ಕಾರಿನೊಳಗೆ ಇಳಿದ. ಹಿಂದೆ ಅವನು ಕೂತರೆ ಸೀಟು ನರಳುತ್ತಿತ್ತು, ಈಗ ಸದ್ದೇ ಇಲ್ಲ. ಬೆಲ್ಟನ್ನು ಎಳೆದು ಎಳೆದು, ತುದಿಯ ತನಕ ಬಿಗಿದರೂ ಭುಜದ ಮೇಲೆ ಸಡಿಲವೇ. ಜುಲ್ಮಿರಾ ಮಂಡಿಯೂರಿ ಬೆಲ್ಟು ಬಿಗಿಯುತ್ತಿದ್ದವಳು ಚಕ್ರದ ಕೆಳಗಿನ ಮುಳ್ಳಿನತ್ತ ನೋಡಿದಳು. ಆಮೇಲೆ ಇನ್ನೊಂದರತ್ತ. ಎದ್ದು ಹೋಗಿ ಆ ಕಡೆಯ ಎರಡನ್ನೂ ನೋಡಿದಳು. ಕೂಡಿ ಕಳೆಯಲು ಕಾಗದ ಬೇಕಾಗಲಿಲ್ಲ. ಚೀಲ ಕೂತಿದ್ದಾಗ ಇದ್ದದ್ದಕ್ಕಿಂತ ಇಪ್ಪತ್ತು ಕಿಲೋ ಕಡಿಮೆ.

ಇಪ್ಪತ್ತು ಕಿಲೋ ಎಂದರೆ ಒಂದು ಮಗು. ಶಾಲೆಗೆ ಹೋಗುವ ವಯಸ್ಸಿನ ಒಂದು ಮಗುವಿನಷ್ಟು ಮನುಷ್ಯ ಎಲ್ಲಿ ಹೋದ?

"ಏನ್ ನೋಡ್ತಿದ್ದೀಯಾ?" ಎಂದ ಓಸ್ಮಾರ್, ಮೊನಚಾಗಿ.

"ಏನಿಲ್ಲ. ಮುಳ್ಳು ನಡುಗ್ತಿದೆ."

"ನನ್ನ ಲೆಕ್ಕ ಅದ್ರಲ್ಲಿ ನೋಡ್ಬೇಡ. ಗುಜರಿ ಮಾಲು. ಕಾರನ್ನ ಚೀಲಕ್ಕೇ ಹೊಂದ್ಸು. ಚೀಲ ಹೇಗಿದೆಯೋ ನಾನೂ ಹಾಗೇ ಇದ್ದೀನಿ."

ಹೆಂಡತಿ ತೂಕ ನೋಡೋಣ ಎಂದರೆ ಕಿರುಚುತ್ತಾನೆ, ಆಸ್ಪತ್ರೆಯಲ್ಲಿ ಶೂ ಬಿಚ್ಚದೆ ಮಿಷನ್ ಹತ್ತುತ್ತಾನೆ ಎಂದು ಅವನ ಮಗಳು ಧರ್ಮತಾಯಿಗೆ ಹೇಳಿದ್ದಳು. ಅವನು ಹೊರಟ ಮೇಲೆ ಜುಲ್ಮಿರಾ ಚೀಲದ ಮುಂದೆ ಕೂತಳು.

"ಹೇಳ್ಬಿಡು ಅವನಿಗೆ," ಎಂದ ಜಂಡಿರ್.

"ಹೇಳಿದ್ರೆ ಕಾರು ಹತ್ತಲ್ಲ."

"ಹತ್ತದೇ ಇರ್ಲಿ!"

"ಮನೇಲಿ ಕಿಟಕಿ ಹತ್ರ ಕೂತು ಬಸ್ಸು ಎಣಿಸ್ತಾನೆ ಜಂಡಿರ್. ದಿನಾ ಅದೇ ಕೆಲ್ಸ. ಒಂದು ಭಾನುವಾರ ಅವನ ಕೈಗೆ ಸ್ಟಿಯರಿಂಗ್ ಕೊಟ್ರೆ ಯಾರ ಗಂಟು ಹೋಗುತ್ತೆ?"

"ಹಾಗಾದ್ರೆ ಚೀಲಕ್ಕೇ ಹೊಂದ್ಸಿ ಕಳ್ಸು, ನನ್ ಥರ ಗೋಡೆಗೆ ಹೊಡೀಲಿ."

ಅದೂ ಆಗದು. ಹೇಳುವುದೂ ಆಗದು, ಕೊಲ್ಲುವುದೂ ಆಗದು. ಜುಲ್ಮಿರಾ ಬ್ಲೇಡು ತೆಗೆದು ಚೀಲದ ಹೊಲಿಗೆ ಬಿಚ್ಚಿದಳು. ಬಣ್ಣದ ಖಾಲಿ ಡಬ್ಬಿಯೊಂದನ್ನು ಪಕ್ಕಕ್ಕೆಳೆದುಕೊಂಡು, ಬೊಗಸೆಬೊಗಸೆಯಾಗಿ ಇಪ್ಪತ್ತು ಕಿಲೋ ಮರಳನ್ನು ಅದಕ್ಕೆ ಸುರಿದಳು. ಚೀಲದ ಹೊಟ್ಟೆ ಒಳಕ್ಕೆ ಹೋಯಿತು, ಭುಜ ಜೋತುಬಿತ್ತು. ಮತ್ತೆ ಹೊಲಿದು ಸೀಟಿನಲ್ಲಿ ಕೂರಿಸಿದಾಗ ಅದು ಈಗಷ್ಟೇ ಹೊರಟುಹೋದವನ ಪಡಿಯಚ್ಚಿನಂತಿತ್ತು. ಜಂಡಿರ್ ಮುಖ ತಿರುಗಿಸಿಕೊಂಡ. ಆದರೆ ಪಾನಾ ಹಿಡಿದು ಕೆಳಗೆ ಮಲಗಿದವನೂ ಅವನೇ. ಒಂದು ಮೂಲೆ ಕೊಂಚ ಏರಿಸಿ, ಇನ್ನೊಂದು ಇಳಿಸಿ, ಒಂದು ಕಡೆಯ ಮುಂದಿನ ಚಕ್ರಕ್ಕೂ ಇನ್ನೊಂದು ಕಡೆಯ ಹಿಂದಿನ ಚಕ್ರಕ್ಕೂ ಭಾರ ಸರಿತೂಗುವ ತನಕ ಇಬ್ಬರೂ ದುಡಿದರು. ಕಾರು ಈಗಿನ ಓಸ್ಮಾರನಿಗೆ ಹೊಂದಿತ್ತು. ಅದು ಓಸ್ಮಾರನಿಗೆ ಮಾತ್ರ ಗೊತ್ತಿರಲಿಲ್ಲ.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಟ್ರ್ಯಾಕಿನ ಪಕ್ಕದ ಬಯಲಿನಲ್ಲಿ ಮಿರಮಿರ ಮಿಂಚುವ ಹಳೆ ಕಾರುಗಳು. ಅವುಗಳ ಒಡೆಯರು ಹೊಸ ಕೈಗವಸು ಹಾಕಿಕೊಂಡು, ಯಾರೋ ಬೇರೆಯವರು ಗಾಳಿ ತುಂಬುವುದನ್ನು ನೋಡುತ್ತ ನಿಂತಿದ್ದರು. ಜುಲ್ಮಿರಾ ದೀಪಗಳ ಗಾಜಿಗೆ ಟೇಪು ಅಂಟಿಸಿದಳು. ಒಡೆದರೆ ಚೂರು ಟ್ರ್ಯಾಕಿನ ಮೇಲೆ ಬೀಳಬಾರದು. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಳು. ತಿರುವಿನಲ್ಲಿ ಟೈರು ಎಷ್ಟು ಮಗ್ಗುಲಾಗುತ್ತದೆ ಎಂಬುದನ್ನು ಅಳಿಸಿಹೋದ ಸುಣ್ಣ ಹೇಳುತ್ತದೆ.

ಕಾಯೊ ಕೈ ಚಾಚಿಕೊಂಡೇ, ಹೆಸರಿಗೆ ಮರ್ಯಾದೆಯ 'ಸೆಉ' ಹಚ್ಚಿಕೊಂಡೇ ಬಂದ. "ಸೆಉ ಓಸ್ಮಾರ್! ಬಂದ್ರಲ್ಲ! ಅಪ್ಪ ಇದ್ದಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು."

"ನಿಮ್ಮಪ್ಪನ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿಲ್ಲ, ದೊಟೋರ್," ಎಂದ ಓಸ್ಮಾರ್; ಧಣಿಗಳೆಲ್ಲ ಅವನ ಬಾಯಲ್ಲಿ ದೊಟೋರ್. "ನಾವು ಮುಷ್ಕರ ಕೂತಾಗ್ಲೂ ಬರ್ಲಿಲ್ಲ."

ಕಾಯೊ ಅದನ್ನು ಜೋಕೆಂದು ತೆಗೆದುಕೊಂಡು ಭುಜ ತಟ್ಟಿದ. ತಟ್ಟಿದ ಕೈ ಆ ಭುಜದ ಮೇಲೆ ಒಂದು ಗಳಿಗೆ ನಿಂತದ್ದನ್ನು ಜುಲ್ಮಿರಾ ನೋಡಿದಳು. ಮೂಳೆ ಸಿಕ್ಕಿರಬೇಕು ಕೈಗೆ. ಓಸ್ಮಾರನ ಮೈ ಕರಗಿದ್ದು ಕಾಯೊನಿಗೂ ಗೊತ್ತಾಯಿತು. ಆ ಗಳಿಗೆಯಿಂದ ಅವನಿಗೆ ಗೊತ್ತಿತ್ತು.

ಓಸ್ಮಾರ್ ಟ್ರ್ಯಾಕಿಗೆ ಇಳಿದ. ಮೊದಲ ಸುತ್ತು ಮೆತ್ತಗೆ, ಟೈರು ಕಾಯಿಸಲು. ಎರಡನೆಯದರಲ್ಲಿ ಗ್ವಾರಾದ ಗಂಟಲು ಬಿಚ್ಚಿಕೊಂಡಿತು. ಇಳಿಜಾರಿನ ಕೊನೆಯ ಎಡತಿರುವಿನಲ್ಲಿ, ಜಂಡಿರ್ ಗೋಡೆಗೆ ಬಡಿದಿದ್ದ ಅದೇ ತಿರುವಿನಲ್ಲಿ, ಹಿಂಭಾಗ ಕೂದಲೆಳೆಯಷ್ಟು ಜಾರಿ, ಕೈಹಿಡಿದು ಕರೆದಂತೆ ಮರಳಿ ಸಾಲಿಗೆ ಬಂತು. ದುಬಾರಿ ಕಾರುಗಳು ಬೆಚ್ಚಿ ಬದಿಗೆ ಸರಿದು ದಾರಿ ಬಿಟ್ಟವು. ಜಂಡಿರ್ ಬೇಲಿಯ ಕಂಬಿ ಹಿಡಿದು ಅಳುತ್ತಿದ್ದ, ನಗುತ್ತಿದ್ದ. "ನೋಡೇ ಅವನನ್ನ! ನೋಡೇ ಆ ಗೂಳೀನ!" ಜುಲ್ಮಿರಾಳ ಎದೆಯೂ ತುಂಬಿತು. ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡಳು. ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ಹಾಗೆ ಅಂದುಕೊಂಡದ್ದು ಅದೇ ಕೊನೆ.

ಕಾರು ನಿಂತಾಗ ಓಸ್ಮಾರ್ ತಕ್ಷಣ ಇಳಿಯಲಿಲ್ಲ. ಹೆಲ್ಮೆಟ್ಟಿನೊಳಗೇ ಬಹಳ ಹೊತ್ತು ಕೂತಿದ್ದ. ತೆಗೆದಾಗ ತುಟಿ ನೀಲಿಯಾಗಿತ್ತು, ಕಣ್ಣು ಮಾತ್ರ ಇಪ್ಪತ್ತರ ಹುಡುಗನ ಕಣ್ಣು. ಅಷ್ಟರಲ್ಲಿ ಕಾಯೊ, ಅವನ ಹಿಂದೆ ಮೊಬೈಲು ಹಿಡಿದ ಒಬ್ಬ.

"ಸೆಉ ಓಸ್ಮಾರ್, ಎರಡು ಮಾತು. ನಮ್ಮ ಕ್ಲಬ್ಬಿನ ವಿಡಿಯೋಗೆ. ಹೇಗಿದ್ದೀರಿ?"

ಓಸ್ಮಾರ್ ಕಾರಿನ ಮೇಲೆ ಕೈಯಿಟ್ಟ. ಆಸರೆಗೆ ಇಟ್ಟದ್ದು, ನೋಡುವವರಿಗೆ ಗತ್ತು ಕಂಡಿತು.

"ಹೇಗಿದ್ದೀನಾ? ಈ ಕಾರನ್ನ ಕೇಳಿ. ಎಂಬತ್ತೆರಡು ಕಿಲೋಗೆ ಹೊಂದ್ಸಿದ ಕಾರಿದು, ಫ್ಯಾಕ್ಟರೀಲಿದ್ದಾಗಿನ ನನ್ನ ತೂಕ. ನಾನೊಂದು ಕಿಲೋ ಇಳಿದಿದ್ರೂ ಆ ತಿರುವಲ್ಲಿ ನನ್ನ ಎಸೆದುಬಿಡ್ತಿತ್ತು. ಎಸೀತಾ? ಇಲ್ಲ! ಗೂಳಿ ಇದ್ದ ಹಾಗೇ ಇದ್ದೀನಿ, ದೊಟೋರ್. ಒಂದ್ ಕಿಲೋನೂ ಕಮ್ಮಿಯಾಗಿಲ್ಲ!"

ಅದು ಸೊಕ್ಕಲ್ಲ. ಅವನು ಅದನ್ನು ಕಾರಿನಿಂದ ಕಲಿತು ಬಂದಿದ್ದ. ಡಾಕ್ಟರು, ಹೆಂಡತಿ, ಕನ್ನಡಿ ಎಲ್ಲ ಒಂದು ಕಡೆ; ಕಾರು ಇನ್ನೊಂದು ಕಡೆ. ಕಾರನ್ನು ನಂಬಿದ. ಜುಲ್ಮಿರಾಳ ಬಾಯಿ ತೆರೆಯಿತು. ಮೊಬೈಲು ಅವಳತ್ತ ತಿರುಗಿತು. ಓಸ್ಮಾರ್ ಅವಳನ್ನು ನೋಡಿ ಕಣ್ಣು ಹೊಡೆದ. ಅವಳ ಬಾಯಿ ಮುಚ್ಚಿತು.

ಆ ವಿಡಿಯೋ ಕ್ಲಬ್ಬಿಗೆ ಹೋಯಿತೋ ಇಲ್ಲವೋ, ನ್ಯಾಯಾಲಯಕ್ಕಂತೂ ಹೋಯಿತು.

ವಿಚಾರಣೆಯ ದಿನ ಕಾಯೊನ ವಕೀಲ ಅದನ್ನು ಗೋಡೆಯ ಪರದೆಯ ಮೇಲೆ ಹಾಕಿಸಿದ. ತಣ್ಣನೆಯ ಕೋಣೆ, ಕಡಿಮೆ ಜನ. ಪರದೆಯ ಮೇಲೆ ಓಸ್ಮಾರ್ ಗೂಳಿಯಂತೆ ನಗುತ್ತಿದ್ದ, ಅದರ ಕೆಳಗೆ ಓಸ್ಮಾರ್ ಅಪ್ಪನ ಕೋಟು ತೊಟ್ಟ ಹುಡುಗನಂತೆ ಕೂತಿದ್ದ. ಒಂದ್ ಕಿಲೋನೂ ಕಮ್ಮಿಯಾಗಿಲ್ಲ! ವಕೀಲ ಅಷ್ಟನ್ನೇ ಎರಡು ಸಲ ಕೇಳಿಸಿದ.

"ಮೆಟ್ಟಿಲು ಹತ್ತೋಕೂ ಆಗಲ್ಲ ಅಂತ ಅರ್ಜಿ ಹಾಕಿರೋರು ಇವರೇ, ಮೇಡಂ," ಎಂದ ನ್ಯಾಯಾಧೀಶೆಗೆ.

ಸಾಕ್ಷಿಯಾಗಿ ಬಂದಿದ್ದ ಜುಲ್ಮಿರಾಳನ್ನು ಕರೆದರು. ದೂಳು ಹೀರುವ ಫ್ಯಾನು ಇರಲಿಲ್ಲ, ಮುಖಕ್ಕೆ ಮಾಸ್ಕು ಇರಲಿಲ್ಲ ಎಂದು ಹೇಳಲು ಬಂದವಳು. ಹೇಳಿದಳು. ಆಮೇಲೆ ಓಸ್ಮಾರನತ್ತ ನೋಡಿದಳು. ಅವನು ಅವಳನ್ನು ನಂಬಿಕೆಯಿಂದ ನೋಡುತ್ತಿದ್ದ, ಟ್ರ್ಯಾಕಿನಲ್ಲಿ ನೋಡಿದ ಹಾಗೆಯೇ. ಅವನ ಮಾನ ಉಳಿಸಿದರೆ ಕೇಸು ಹೋಗುತ್ತದೆ. ಕೇಸು ಉಳಿಸಬೇಕಾದರೆ ಎಲ್ಲರ ಮುಂದೆ ಅವನ ಬಟ್ಟೆ ಬಿಚ್ಚಬೇಕು.

"ಆ ಮಾತು ಸುಳ್ಳು," ಎಂದಳು. "ಅವನಿಗೆ ಸುಳ್ಳು ಅಂತ ಗೊತ್ತಿಲ್ಲ. ಚೀಲದಿಂದ ಮರಳು ತೆಗ್ದವಳು ನಾನು. ಇಪ್ಪತ್ತು ಕಿಲೋ. ಕಾರನ್ನ ಈಗಿನ ಅವನಿಗೆ ಹೊಂದ್ಸಿ, ಹಳೇ ಅವನಿಗೆ ಹೊಂದ್ಸಿದ್ದೀನಿ ಅಂತ ನಂಬಿಸ್ದೆ."

ಚೀಲವೆಂದರೇನು, ಮರಳೇಕೆ, ಕಾರಿಗೂ ತೂಕಕ್ಕೂ ಏನು ಸಂಬಂಧ ಎಂದು ನ್ಯಾಯಾಧೀಶೆ ಕೇಳಿದಳು. ಜುಲ್ಮಿರಾ ವಿವರಿಸಿದಳು. ಶೆಡ್ಡಿನಲ್ಲಿ ಹಗಲಿನಷ್ಟು ಸ್ಪಷ್ಟವಾಗಿದ್ದದ್ದು ಆ ಕೋಣೆಯಲ್ಲಿ ಹುಚ್ಚರ ಕತೆಯಂತೆ ಕೇಳಿಸಿತು. ಬರೆದುಕೊಳ್ಳುತ್ತಿದ್ದ ಹುಡುಗಿ ತುಟಿ ಕಚ್ಚಿ ನಗು ತಡೆದಳು.

"ಅಂದ್ರೆ ದೋನ ಜುಲ್ಮಿರಾ, ನೀವು ನಿಮ್ಮ ಆಪ್ತ ಗೆಳೆಯನಿಗೇ ಮೋಸ ಮಾಡಿದ್ರಿ," ಎಂದ ವಕೀಲ, ದೋನ ಎಂದು ಮರ್ಯಾದೆ ಕೊಟ್ಟು, ಬೆಣ್ಣೆಯಂಥ ದನಿಯಲ್ಲಿ.

"ಅವನ ಜೀವ ಉಳಿಸೋಕೆ."

"ಅಪಾಯ ಅಂತ ಗೊತ್ತಿದ್ದೂ ಕಾರಲ್ಲಿ ಕೂರಿಸಿದ್ರಿ. ಅವರನ್ನ ನಂಬಿಸಿದ್ರಿ. ಈಗ ನಮ್ಗೆ ನನ್ನನ್ನ ನಂಬಿ ಅಂತೀರಿ." ಕಾಗದ ಮಡಿಸುತ್ತ ಮುಂದುವರಿಸಿದ. "ಇರ್ಲಿ, ಇಳಿದಿದೆ ಅಂತಲೇ ಇಟ್ಕೊಳ್ಳೋಣ. ತೂಕ ಇಳಿಯೋದು ರೋಗಾನಾ? ನಾನೂ ಇಳಿಸೋಕೆ ಒದ್ದಾಡ್ತಿದ್ದೀನಿ, ನನ್ನ ಹೆಂಡ್ತೀನ ಕೇಳಿ."

ಕೋಣೆ ನಕ್ಕಿತು. ಬರೆಯುವ ಹುಡುಗಿ ಈಗ ತಡೆದುಕೊಳ್ಳಲಿಲ್ಲ. ನ್ಯಾಯಾಧೀಶೆ ಕೂಡ ಪೆನ್ನಿನ ಹಿಂದೆ ಒಂದಿಷ್ಟು ನಕ್ಕು, "ಮರಳಿನ ವಿಷಯ ಬಿಡಿ, ಮುಂದಕ್ಕೆ ಹೋಗಿ," ಎಂದಳು. ಒಬ್ಬ ಮನುಷ್ಯನನ್ನು ಒಳಗಿನಿಂದ ಕೊರೆದು ತಿಂದವರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ತಿಂದದ್ದೆಷ್ಟು ಎಂದು ತೂಗಿ ಹೇಳಿದವಳು ಸುಳ್ಳುಗಾತಿಯಾದಳು.

ಓಸ್ಮಾರ್ ನಗಲಿಲ್ಲ. ಜುಲ್ಮಿರಾಳತ್ತ ನೋಡಲೂ ಇಲ್ಲ. ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವು ಯಾರವೋ ಎಂಬಂತೆ ನೋಡುತ್ತಿದ್ದ.

ತೀರ್ಪು ಕಾಯೊನ ಪರವಾಗಿ ಬಂತು. ಕಾರಣ ಸ್ಪಷ್ಟವಿಲ್ಲ, ದೌರ್ಬಲ್ಯ ಸಾಬೀತಾಗಿಲ್ಲ. ಅದಾದ ಮೇಲೆ ಓಸ್ಮಾರ್ ಫೋನು ಎತ್ತಲಿಲ್ಲ. ಜುಲ್ಮಿರಾ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ, "ಮಲಗಿದ್ದಾರೆ," ಎಂದಳು. ಒಳಗೆ ಕಿಟಕಿಯ ಬಳಿ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

ಒಂದು ಶನಿವಾರ ಅವನೇ ಬಂದ. ಬಾಗಿಲಲ್ಲಿ ನಿಂತ, ಆಕಾಶ ನೋಡುವ ನಾಟಕ ಮಾಡಲಿಲ್ಲ. ನೆಲ ನೋಡುತ್ತ ಉಸಿರೆಳೆದುಕೊಂಡ, ಎಲ್ಲರಿಗೂ ಕಾಣುವ ಹಾಗೆ. ಜಂಡಿರ್ ಕುರ್ಚಿ ತಂದ. ಅವನು ಕೂರಲಿಲ್ಲ.

"ಕಾಯೊ ಫೋನ್ ಮಾಡಿದ್ದ," ಎಂದ. "ಮುಂದಿನ ಓಪನ್ ದಿನಕ್ಕೂ ಗ್ವಾರಾ ಬೇಕಂತೆ. ನಮ್ ಮಧ್ಯೆ ಕಹಿ ಬೇಡ ಅಂತಾನೆ."

"ನೀನೇನಂದೆ?" ಎಂದ ಜಂಡಿರ್.

"ಉಸಿರು ಸಿಕ್ಲಿಲ್ಲ ಬೈಯೋಕೆ." ಜುಲ್ಮಿರಾಳತ್ತ ತಿರುಗಿ, "ತೆಗ್ದದ್ದು ಎಲ್ಲಿಟ್ಟಿದ್ದೀಯಾ?" ಎಂದ.

ಕೊಮಾದ್ರೆ ಎನ್ನಲಿಲ್ಲ. ಜುಲ್ಮಿರಾ ಬೆಂಚಿನ ಕೆಳಗೆ ಕೈ ತೋರಿಸಿದಳು. ಬಣ್ಣದ ಡಬ್ಬಿ ಅಲ್ಲೇ ಇತ್ತು, ಮುಚ್ಚಳದ ಮೇಲೆ ಶೆಡ್ಡಿನ ಬಿಳಿ ದೂಳು. ಎಸೆಯಲು ಅವಳಿಂದ ಆಗಿರಲಿಲ್ಲ.

ಓಸ್ಮಾರ್ ಬಗ್ಗಿ ಹಿಡಿಕೆ ಹಿಡಿದ. ಎಳೆದ. ಡಬ್ಬಿ ನೆಲಕ್ಕೆ ಗೀಚಿ ಒಂದು ಗೇಣು ಮುಂದೆ ಬಂತು. ಎರಡೂ ಕೈ ಹಾಕಿ ಎತ್ತಲು ನೋಡಿದ. ಕತ್ತಿನ ನರಗಳು ಹಗ್ಗದಂತೆ ಉಬ್ಬಿದವು. ಡಬ್ಬಿ ಮೇಲೇಳಲಿಲ್ಲ. ಜಂಡಿರ್ ಹೆಜ್ಜೆ ಮುಂದಿಟ್ಟ.

"ಮುಟ್ಬೇಡ," ಎಂದ ಓಸ್ಮಾರ್.

ಇನ್ನೊಮ್ಮೆ ಪ್ರಯತ್ನಿಸಿದ. ಆಗಲಿಲ್ಲ. ಡಬ್ಬಿಯ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತು, ಮುಚ್ಚಳ ತೆಗೆದು ಮರಳಿನೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿದ. ಕೆಮ್ಮು ಬಂತು, ಹೋಯಿತು.

"ಇದು ನನ್ನ ಮೈಮೇಲಿದ್ದಾಗ ಇಷ್ಟು ಭಾರ ಇರ್ಲಿಲ್ಲ," ಎಂದ.

ಅವನು ಕೈ ಹೊರಗೆ ತೆಗೆಯಲಿಲ್ಲ.